ನಿನ್ನೆಯ ರುಚಿ

ನಮ್ಮ ಊರಿನ ಬೀದಿ ಜನರನ್ನು ಹೆಸರು ಹಿಡಿದು ಕರೆಯುತ್ತದೆ. ಅದು ನನ್ನನ್ನು ಮೊದಲ ಸಲ ಕರೆದಾಗ ನನಗೆ ಏಳು ವರ್ಷ. ಶಾಲೆಗೆ ಹೊರಟಿದ್ದವನು ಬಾಯಲ್ಲಿದ್ದ ನೀರನ್ನು ಅರ್ಧ ದಾರಿಯಲ್ಲೇ ಉಗುಳಿ, 'ಫಕೀರಾ' ಎಂದು ಕೇಳಿಸಿದ ಕಡೆಗೆ ತಿರುಗಿ 'ಓ' ಅಂದೆ. ಆಮೇಲೆ ಯಾರದೋ ಕಟ್ಟೆಯ ಮೇಲೆ ಕೂತು ಗಿಳಿಯೊಂದು ಮೆಣಸಿನಕಾಯಿ ತಿನ್ನುವುದನ್ನು ನೋಡುತ್ತಿದ್ದೆ. ಗಿಳಿ ತಿಂದದ್ದು ಒಂದೇ ಮೆಣಸಿನಕಾಯಿ ಎಂದು ನನ್ನ ನೆನಪು. ತಲೆ ಎತ್ತಿದರೆ ಶಾಲೆ ಬಿಟ್ಟ ಮಕ್ಕಳು ಸಾಲಾಗಿ ವಾಪಸು ಹೋಗುತ್ತಿದ್ದರು. ಎಲ್ಲರ ಕೆನ್ನೆಗಳೂ ಪೂರಿಯ ಹಾಗೆ ಉಬ್ಬಿದ್ದವು.

ಊರಿಗೆ ಇರುವುದು ಅದೊಂದೇ ಬೀದಿ. ಈ ತುದಿಯಲ್ಲಿ ನಾವು ಮಲಗುವ ಮನೆಗಳಿವೆ, ಆ ತುದಿಯಲ್ಲಿ ಶಾಲೆ, ದವಾಖಾನೆ, ಹಿಟ್ಟಿನ ಗಿರಣಿ, ಹೊಳೆ. ಸುತ್ತಿಕೊಂಡು ಹೋಗುವ ದಾರಿ ಇಲ್ಲವೇ ಎಂದು ಕೇಳುವವರು ಬೇರೆ ಊರಿನವರು. ಕರೆಗೆ ಓಗೊಟ್ಟರೆ ಕಾಲು ಆ ಕಡೆಗೆ ತಿರುಗುತ್ತದೆ, ಹೊತ್ತು ಮುಳುಗುವವರೆಗೆ ಏಳುವ ಮನಸ್ಸಾಗುವುದಿಲ್ಲ. ಕೇಡೇನೂ ಆಗುವುದಿಲ್ಲ. ಯಾರೂ ಹೊಡೆಯುವುದಿಲ್ಲ, ಯಾರೂ ಕದಿಯುವುದಿಲ್ಲ. ಯಾರ ಮನೆಯಿಂದ ದನಿ ಬಂತೋ ಅವರಿಗೂ ತಾವು ಕರೆದದ್ದು ಗೊತ್ತಿರುವುದಿಲ್ಲ. 'ನಾ ಎಲ್ಲಿ ಕರದೆ? ಇರಲಿ, ಬಂದೀಯಲ್ಲ, ಕೂಡು' ಅನ್ನುತ್ತಾರೆ. ಮಾತು ಬೆಳೆಯುತ್ತದೆ, ಹಗಲು ಹೋಗುತ್ತದೆ, ಅಷ್ಟೇ.

ಅದಕ್ಕೇ ನಮ್ಮವರು ಬೀದಿ ಶುರುವಾಗುವಲ್ಲಿರುವ ಬಾವಿಯ ನೀರನ್ನು ಬಾಯಿ ತುಂಬಾ ತುಂಬಿಕೊಂಡು ನಡೆಯುತ್ತಾರೆ. ಬಾವಿಯ ನೀರು ಸವಳು, ಉಪ್ಪುಪ್ಪು. ಸಿಹಿ ನೀರಾಗಿದ್ದರೆ ಅರ್ಧ ದಾರಿಯಲ್ಲಿ ನುಂಗಿಬಿಡುತ್ತಿದ್ದರು. ಆ ತುದಿಯಲ್ಲಿ ಉಗುಳಲು ಒಂದು ಕಲ್ಲಿನ ದೋಣಿ ಇದೆ, ಮರಳಿ ಬರುವವರಿಗೆ ಅದೇ ನೀರು ತುಂಬಿದ ಹರವಿ ಇದೆ. ನೆಗಡಿಯಾದವರು ಮನೆಯಲ್ಲೇ ಉಳಿಯುತ್ತಾರೆ. ಮದುವೆಯ ಮೆರವಣಿಗೆಯಲ್ಲಿ ಶಹನಾಯಿ ಊದುವವರಿಗೆ ಮಾತ್ರ ನೀರು ಬೇಕಾಗುವುದಿಲ್ಲ. ಭಾಷಣ ಮಾಡಲು ಹೊರಗಿನಿಂದ ಬಂದ ಧುರೀಣರು ಇಲ್ಲಿಯವರೆಗೆ ಒಬ್ಬರೂ ವೇದಿಕೆ ತಲುಪಿಲ್ಲ.

ಇಪ್ಪತ್ತಾರನೆಯ ವಯಸ್ಸಿಗೆ ನಾನು ತಬಲಾ, ಟೈಪಿಂಗು, ಹೊಲಿಗೆ, ಜೇನು ಸಾಕಣೆ ಎಲ್ಲವನ್ನೂ ಶುರು ಮಾಡಿ ಮುಗಿಸಿದ್ದೆ. ಮುಗಿಸಿದ್ದೆ ಎಂದರೆ ಬಿಟ್ಟಿದ್ದೆ. ನನಗೆ ನೀರು ನಿಲ್ಲುತ್ತಿರಲಿಲ್ಲ. ಯಾರಾದರೂ ಕರೆದರೆ ಏನಿರಬಹುದು ಎಂದು ತುಟಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. 'ನನ್ನ ಮಗಾ ಎಲ್ಲಾ ವಿದ್ಯಾ ಕಲ್ತಾನ್ರೀ, ಒಂದೊಂದರಾಗ ಮೊದಲನೇ ಪಾಠ' ಎಂದು ನಮ್ಮವ್ವ ಬಂದವರಿಗೆಲ್ಲ ಹೇಳುತ್ತಿದ್ದಳು.

ಪಕ್ಕದ ಮನೆಯ ಶಾವಂತ್ರಕ್ಕ ಮಾತ್ರ ಬಾಯಲ್ಲಿ ನೀರಿಲ್ಲದೆ ನಡೆಯುತ್ತಿದ್ದಳು. ಅರವತ್ತು ದಾಟಿದವಳು. ಬೆರಳಿನಿಂದ ಮೊಳಕೈವರೆಗೆ ನೀಲಿ. ಆ ತುದಿಯಲ್ಲಿ, ಹೊಳೆಯ ದಂಡೆಗೆ, ಅರಿವೆಗೆ ಬಣ್ಣ ಹಾಕುವ ಅವಳ ನೀಲಿ ಬಾನಿ ಇತ್ತು. ಊರಿನಲ್ಲಿ ಹುಟ್ಟಿದ ಪ್ರತಿ ಕೂಸನ್ನೂ ಮೊದಲು ಸುತ್ತುವ ಅರಿವೆ ಆ ಬಾನಿಯಲ್ಲಿ ಅದ್ದಿದ್ದು. ಮೂವತ್ತೊಂದು ವರ್ಷ, ಒಂದು ದಿನವೂ ತಪ್ಪದೆ, ಮುಂಜಾನೆ ಹೋಗಿ ಸಂಜೆ ಬರುತ್ತಿದ್ದಳು. ಅವಳು ಕಿವುಡಿ ಎಂದು ಕೆಲವರು, ತಾಯತ ಕಟ್ಟಿಕೊಂಡಿದ್ದಾಳೆ ಎಂದು ಕೆಲವರು. ಅವಳು ಕಿವುಡಿಯಲ್ಲ ಎಂದು ನನಗೆ ಗೊತ್ತಿತ್ತು. ನಮ್ಮವ್ವ ನನ್ನನ್ನು ಬೈದಾಗಲೆಲ್ಲ ಗೋಡೆಯ ಆಚೆಯಿಂದ ನಗು ಕೇಳಿಸುತ್ತಿತ್ತು.

ಶಾವಂತ್ರಕ್ಕ ತನ್ನದೇ ಮೆಟ್ಟಿಲ ಮೇಲೆ ಕಾಲು ಉಳುಕಿಸಿಕೊಂಡಳು. ಎಲುಬು ಕಟ್ಟುವವನು ಬಿದಿರಿನ ದಬ್ಬೆ ಇಟ್ಟು ಬಿಗಿದು, ಹನ್ನೆರಡು ದಿನ ನೆಲಕ್ಕೆ ಕಾಲು ತಾಗಿಸಬಾರದು ಎಂದು ಹೇಳಿ ಹೋದ. ಅದೇ ಗಳಿಗೆಗೆ ಅವಳು ನನ್ನನ್ನು ಕರೆಸಿದಳು.

"ಹನ್ನೆರಡು ದಿನ ಬಾನಿ ನೋಡ್ಕೋ."

"ನನ್ನ ಕಡಿಂದ ಆಗೂದಿಲ್ಲಕ್ಕ. ಬ್ಯಾರೆ ಯಾರಿಗರೆ ಹೇಳು."

"ಊರಾಗ ಎಲ್ಲಾರಿಗೂ ಕೆಲಸ ಐತಿ. ನಿನಗೊಬ್ಬಗ ಇಲ್ಲ. ಮತ್ಯಾರಿಗೆ ಹೇಳ್ಲಿ?"

ಬಾನಿ ಎಂದರೆ ಬರಿಯ ಹಂಡೆಯಲ್ಲ, ಅದು ಬದುಕಿರುವಂಥದ್ದು ಎಂದಳು. ದಿನಕ್ಕೊಮ್ಮೆ ನೂರು ಸುತ್ತು ತಿರುವಬೇಕು, ನಿಧಾನಕ್ಕೆ, ಗಾಳಿ ಸೇರದಂತೆ. ಒಂದು ಚೊಂಬು ಬೆಲ್ಲದ ನೀರು ಉಣ್ಣಿಸಬೇಕು. ಆಮೇಲೆ ಬೆರಳ ತುದಿಯಲ್ಲಿ ಒಂದು ಹನಿ ನಾಲಿಗೆಗೆ ತಾಗಿಸಿ ಉಗುಳಬೇಕು. ನಾಲಿಗೆಯ ತುದಿಯನ್ನು ಯಾರೋ ಮೆಲ್ಲಗೆ ಹಿಡಿದಂತಾದರೆ ಸರಿ ಇದೆ. ಹಿಡಿಯದಿದ್ದರೆ ಒಂದು ಮುಷ್ಟಿ ಸುಣ್ಣ. ಒಂದು ದಿನ ತಪ್ಪಿದರೆ ಹುಳಿಯುತ್ತದೆ, ಎರಡು ದಿನ ತಪ್ಪಿದರೆ ಸಾಯುತ್ತದೆ. ಸತ್ತ ಬಾನಿಯನ್ನು ಮತ್ತೆ ಎಬ್ಬಿಸಲು ಬದುಕಿರುವ ಇನ್ನೊಂದು ಬಾನಿಯ ಒಂದು ಚೊಂಬು ನೀರು ಬೇಕು. ಇನ್ನೊಂದು ಬಾನಿ ಎಲ್ಲಿದೆ ಎಂದು ಕೇಳಿದೆ.

"ಎಲ್ಲೂ ಇಲ್ಲ" ಅಂದಳು.

ಮೊದಲ ದಿನ ನಾನು ಕೆನ್ನೆ ನೋಯುವಷ್ಟು ನೀರು ತುಂಬಿಕೊಂಡು, ಕಣ್ಣು ನೆಲಕ್ಕೆ ನೆಟ್ಟು, ಬಹುತೇಕ ಓಡಿದೆ. ಕಲ್ಲಿನ ದೋಣಿಗೆ ಉಗುಳಿದಾಗ ಗೆದ್ದವನಂತೆ ಅನ್ನಿಸಿತು. ಬಾನಿ ಕುತ್ತಿಗೆಯವರೆಗೆ ನೆಲದಲ್ಲಿ ಹೂತಿತ್ತು. ಕೊಟ್ಟಿಗೆಯಂಥ ವಾಸನೆ. ಮೇಲೆ ತಾಮ್ರದ ಹೊಳಪಿನ ಕೆನೆ, ನಡುವೆ ನೇರಳೆ ನೊರೆಯ ಗೊಂಚಲು. ಶಾವಂತ್ರಕ್ಕ ಅದನ್ನು ಹೂವು ಅನ್ನುತ್ತಿದ್ದಳು. ಅವಳು ಹೇಳಿದಂತೆ ಒಂದು ಬಿಳಿ ನೂಲನ್ನು ಅದ್ದಿ ತೆಗೆದೆ. ಹಸಿರಾಗಿ ಹೊರಬಂದ ನೂಲು ಹತ್ತು ಎಣಿಸುವುದರೊಳಗೆ ಗಾಳಿ ಕುಡಿದು ನೀಲಿಯಾಯಿತು. ಅದನ್ನು ನೋಡುವುದಕ್ಕಾಗಿಯೇ ಇನ್ನೂ ಆರು ನೂಲು ಅದ್ದಿದೆ. ಒಂದು ಹನಿ ನಾಲಿಗೆಗೆ ತಾಗಿಸಿದೆ. ಏನೂ ಹಿಡಿಯಲಿಲ್ಲ. ಒಂದು ಮುಷ್ಟಿ ಸುಣ್ಣ ಹಾಕಿದೆ.

ಎರಡನೆಯ ದಿನವೂ ಹಾಗೆಯೇ ಓಡಿದೆ, ಹಾಗೆಯೇ ಏನೂ ಹಿಡಿಯಲಿಲ್ಲ, ಸುಣ್ಣ ಹಾಕಿದೆ. ಮೂರನೆಯ ದಿನವೂ, ನಾಲ್ಕನೆಯ ದಿನವೂ. ನನ್ನ ಜೀವನದಲ್ಲಿ ನಾಲ್ಕು ದಿನ ಒಂದೇ ಕೆಲಸ ಮಾಡಿದ್ದು ಅದೇ ಮೊದಲು. ನಮ್ಮವ್ವ ಉಪ್ಪಿಟ್ಟಿಗೆ ತುಪ್ಪ ಹಾಕಿಕೊಟ್ಟಳು. ಐದನೆಯ ದಿನ ಬಾನಿಯ ಮುಚ್ಚಳ ತೆಗೆದರೆ ಹೂವು ಇರಲಿಲ್ಲ. ಕೆನೆ ಒಡೆದು, ಕೆಳಗಿನ ನೀರು ಕೆರೆಯ ತಳದಂತೆ ಕಪ್ಪಗೆ, ಅಲುಗಾಡದೆ ಕೂತಿತ್ತು. ಅದ್ದಿದ ನೂಲು ಬೂದಿ ಬಣ್ಣದಲ್ಲಿ ಬಂತು. ಹತ್ತು ಎಣಿಸಿದೆ, ನೂರು ಎಣಿಸಿದೆ. ಅದು ಬೂದಿಯಾಗಿಯೇ ಉಳಿಯಿತು.

ನೂಲನ್ನು ಶಾವಂತ್ರಕ್ಕನ ಕೈಗೆ ಕೊಟ್ಟೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ರುಚಿ ನೋಡಿದ್ಯಾ?"

"ದಿನಾ ನೋಡೀನಿ. ಏನೂ ಹಿಡೀಲಿಲ್ಲ. ಅದಕ್ಕ ಸುಣ್ಣ ಹಾಕೀನಿ."

"ಎಷ್ಟು ದಿನ?"

"ನಾಕು ದಿನ. ದಿನಾ ಒಂದೊಂದು ಮುಷ್ಟಿ."

ಅವಳು ನೂಲನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ನಿಧಾನಕ್ಕೆ ಕೇಳಿದಳು, "ಬಾಯಾಗ ಆ ಬಾವಿ ನೀರು ತುಂಬ್ಕೊಂಡು ಹೋಗಿದ್ಯೇನು?"

"ಮತ್ತ? ಎಲ್ಲಾರೂ ಹಂಗ ಅಲ್ಲೇನು ಹೋಗೂದು?"

ಅವಳು ಹಣೆ ಚಚ್ಚಿಕೊಂಡಳು. ನನ್ನನ್ನು ಬೈಯಲಿಲ್ಲ. ಮೂವತ್ತೊಂದು ವರ್ಷ ಬರಿಬಾಯಲ್ಲಿ ನಡೆದವಳಿಗೆ ಉಳಿದವರು ಹೇಗೆ ನಡೆಯುತ್ತಾರೆ ಎನ್ನುವುದೇ ಮರೆತುಹೋಗಿತ್ತು. ಗೂಡಿನಲ್ಲಿದ್ದ ಸುಣ್ಣದ ತಿಳಿಯನ್ನು ತರಿಸಿ, ನನ್ನ ಬಾಯಿಗೆ ಸಿಹಿ ನೀರು ಮುಕ್ಕಳಿಸಲು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಒಂದು ಹನಿ ನಾಲಿಗೆಗೆ ತಾಗಿಸಿದಳು. ನಾಲಿಗೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದಂತಾಯಿತು. ಆಮೇಲೆ ನಮ್ಮ ಬಾವಿಯ ನೀರು ತರಿಸಿ ಬೀದಿ ದಾಟುವಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಳ್ಳಲು ಹೇಳಿದಳು. ಉಗುಳಿದ ಮೇಲೆ ಅದೇ ತಿಳಿಯ ಒಂದು ಹನಿ. ಏನೂ ಇಲ್ಲ. ನಾಲಿಗೆ ಚರ್ಮದ ತುಂಡಿನಂತಿತ್ತು.

"ಬಾನಿ ಸರಿ ಇತ್ತು. ಸತ್ತಿದ್ದು ನಿನ್ನ ನಾಲಿಗಿ. ನೀ ಸುಣ್ಣದ ಮ್ಯಾಲ ಸುಣ್ಣ ಹೊಡದು ಅದರ ಉಸಿರು ಕಟ್ಟಿಸೀದಿ."

"ಸತ್ತೋತೇನಕ್ಕ?"

"ಇನ್ನೂ ಇಲ್ಲ ಅನಸ್ತೈತಿ. ನಾಳಿಂದ ಸುಣ್ಣ ಬ್ಯಾಡ. ಬೆಲ್ಲ ಎರಡು ಚೊಂಬು. ಬಾನಿ ಬಾಯಿಗೆ ಕಂಬಳಿ ಹೊಚ್ಚು. ರುಚಿ ದಿನದಿಂದ ದಿನಕ್ಕ ಇಳೀಬೇಕು. ಮೂರು ದಿನ ಇಳೀಲಿಲ್ಲ ಅಂದ್ರ ಹೊಳಿಗೆ ಚೆಲ್ಲಿ ಬಾ. ಮತ್ತ ಎದ್ದಾಗಿಂದ ರುಚಿ ನೋಡೂ ತನಕಾ ಬಾಯಿಗೆ ಏನೂ ತಾಗಸಬ್ಯಾಡ. ನೀರೂ ಬ್ಯಾಡ."

ಅಂದರೆ ಬರಿಬಾಯಲ್ಲಿ ಬೀದಿ ದಾಟಬೇಕು. ಕಿವಿಗೆ ಹತ್ತಿ ಇಟ್ಟುಕೊಳ್ಳಲೇ ಎಂದು ಕೇಳಿದೆ. "ಇಟ್ಕೊಂಡವರು ಇದ್ರು. ಬೀದಿ ಕಿವ್ಯಾಗ ಕರೆಯೂದಿಲ್ಲಪಾ" ಅಂದಳು.

"ನಿನಗ ಕರೆಯೂದಿಲ್ಲೇನಕ್ಕ?"

"ಹೆಜ್ಜಿಗೊಮ್ಮೆ ಕರೀತೈತಿ."

"ಮತ್ತ ಹೆಂಗ ಹೋಗ್ತಿ?"

"ಹೆಂಗ ಅಂದ್ರ? ನಿನ್ನಿ ಬಾನಿ ರುಚಿ ಹೆಂಗಿತ್ತು ಅಂತ ನೆನಸ್ಕೊಂತ ಹೋಗ್ತೀನಿ. ಅದನ್ನ ಒಯ್ದು ಇವತ್ತಿಂದರ ಪಕ್ಕ ಇಟ್ಟು ನೋಡಬೇಕಲ್ಲ. ನಡುವ ಚೆಲ್ಲಿದ್ರ ಯಾವುದರ ಜೋಡಿ ಹೋಲಸ್ಲಿ?" ನನ್ನ ಕಡೆ ತಿರುಗಿದಳು. "ನಿಂದು ಕಷ್ಟ ಐತಿ. ನಿನ್ನ ಹತ್ರ ನಿನ್ನಿ ರುಚಿ ಅನ್ನೂದ ಇಲ್ಲ."

ಆರನೆಯ ದಿನ ನಾನು ಬಾವಿಯ ಮುಂದೆ ನಿಲ್ಲದೆ ಬೀದಿಗೆ ಇಳಿದೆ. ಕೆನ್ನೆ ಉಬ್ಬಿಸಿಕೊಂಡು ಬರುತ್ತಿದ್ದವರು ಕಣ್ಣಲ್ಲೇ ನನ್ನನ್ನು ಹುಚ್ಚ ಎಂದು ಕರೆದರು. ಅವಳ ಮನೆಯಲ್ಲಿ ತಾಗಿಸಿಕೊಂಡ ಆ ಒಂದು ಹನಿ ಸುಣ್ಣದ ತಿಳಿಯನ್ನೇ ನೆನಪಿಸಿಕೊಳ್ಳುತ್ತ ನಡೆದೆ. ಮೊದಲ ಮನೆಯಿಂದ ಕರೆ ಬಂತು, ದಾಟಿದೆ. ಗಿಳಿಯ ಮನೆಯನ್ನು ದಾಟಿದೆ. ತೆರೆದ ಕಿಟಕಿಯಿಂದ ಯಾರೋ ಹೆಣ್ಣುದನಿ ನನ್ನ ಹೆಸರನ್ನು ಹಾಡಿನಂತೆ ಎಳೆಯಿತು, ದಾಟಿದೆ. ಆರು ಮನೆ ದಾಟಿದೆನಲ್ಲ ಎಂದು ನನ್ನ ಬಗ್ಗೆಯೇ ಹೆಮ್ಮೆಪಡುತ್ತಿರುವಾಗ ರೇಡಿಯೋ ರಿಪೇರಿಯ ದಸ್ತಗೀರ ಕಾಕಾನ ಅಂಗಡಿಯಿಂದ, "ಫಕೀರಾ, ಇದರೊಳಗ ಏನೈತಿ ನೋಡ್ ಬಾ" ಎಂದು ಕೇಳಿಸಿತು.

"ಓ" ಅಂದೆ.

ಕಾಕಾ ತಲೆ ಎತ್ತಿ, "ನಾ ಎಲ್ಲಿ ಕರದೆ? ಇರಲಿ, ಕೂಡು" ಎಂದ. ಬಿಚ್ಚಿದ ರೇಡಿಯೋದ ಹೊಟ್ಟೆಯಲ್ಲಿ ಬಣ್ಣಬಣ್ಣದ ತಂತಿಗಳು, ಪುಟ್ಟ ಗಾಜಿನ ದೀಪಗಳು. ಯಾವ ತಂತಿ ಯಾವುದಕ್ಕೆ ಎಂದು ಅವನು ತೋರಿಸಿದ, ನಾನು ಕೇಳಿದೆ. ಸುಖವಾಗಿತ್ತು. ಬೀದಿಯ ಬಗ್ಗೆ ಹೇಳುವವರು ಇದನ್ನು ಹೇಳುವುದಿಲ್ಲ, ಅಲ್ಲಿ ತುಂಬಾ ಸುಖವಾಗಿರುತ್ತದೆ. ನೆರಳು ಅಂಗಡಿಯ ಹೊಸ್ತಿಲಿನಿಂದ ಮೇಜಿನ ಕಾಲಿಗೆ ಸರಿದಿತ್ತು. ಕಾಕಾ ಸ್ಟವ್ ಹಚ್ಚಿ ಶುಂಠಿ ಜಜ್ಜಿ ಚಹಾ ಮಾಡಿ ನನ್ನ ಕೈಗೆ ಕೊಟ್ಟ.

ಚಹಾದ ಕಪ್ ತುಟಿಗೆ ಬಂದಾಗ ನಾಲಿಗೆ ಹಿಂದೆ ಸರಿಯಿತು. ನಾನು ಯೋಚಿಸಿ ಮಾಡಿದ್ದಲ್ಲ ಅದು. ಇದನ್ನು ಕುಡಿದರೆ ರುಚಿ ಹೋಗುತ್ತದೆ ಎನ್ನುವ ಮಾತು ಆಮೇಲೆ ಬಂತು. ಆ ಮಾತಿನ ಹಿಂದೆ ಕಪ್ಪು ನೀರು ತುಂಬಿದ ಬಾನಿ ಬಂತು, ಬೂದಿ ಬಣ್ಣದ ನೂಲನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದ ಶಾವಂತ್ರಕ್ಕ ಬಂದಳು. ಕಪ್ ಕೆಳಗಿಟ್ಟೆ. ಏಳಲು ಹೋದರೆ ಕುರ್ಚಿ ಬಿಡಲಿಲ್ಲ. ಮೇಜಿನ ಅಂಚು ಹಿಡಿದು, ಹಣ್ಣು ಮುದುಕನಂತೆ, ನನ್ನನ್ನು ನಾನೇ ಕುರ್ಚಿಯಿಂದ ಕಿತ್ತುಕೊಂಡೆ.

"ಹೊಂಟ್ಯಾ? ಹೊತ್ತು ಇನ್ನೂ ಐತಲ್ಲೋ!" ಕಾಕಾ ಕಣ್ಣರಳಿಸಿದ. ಅವನ ಅಂಗಡಿಯಿಂದ ಹಗಲಲ್ಲಿ ಎದ್ದುಹೋದವರನ್ನು ಅವನು ನೋಡಿರಲಿಲ್ಲ.

"ಬಾನಿ ಐತಿ ಕಾಕಾ."

"ಚಹಾ ಆರತೈತಿ."

"ಆರಲಿ."

ಹೊಳೆಯ ದಂಡೆ ಮುಟ್ಟಿದಾಗ ಬಿಸಿಲು ಪಡುವಣಕ್ಕೆ ವಾಲಿತ್ತು. ತಿರುವಿದೆ, ನೂರನ್ನೂ ಎಣಿಸಿದೆ. ಒಂದು ಹನಿ ನಾಲಿಗೆಗೆ ತಾಗಿಸಿದೆ. ಸುಟ್ಟುಹೋದಂತಾಗಿ ಕಣ್ಣಲ್ಲಿ ನೀರು ಬಂತು. ಆರು ದಿನದಲ್ಲಿ ಮೊದಲ ಸಲ ನಾನು ಆ ಬಾನಿಯನ್ನು ನಿಜವಾಗಿ ಭೇಟಿಯಾಗಿದ್ದೆ. ಬೆಲ್ಲ ಉಣ್ಣಿಸಿ, ಕಂಬಳಿ ಹೊದಿಸಿ, ಆ ಉರಿಯನ್ನು ಮರೆಯದಂತೆ ಮನಸ್ಸಿನಲ್ಲಿ ತಿರುಗಿಸಿಕೊಳ್ಳುತ್ತ ಮನೆಗೆ ಬಂದೆ. ವಾಪಸು ಬರುವಾಗ ಬಾಯಲ್ಲಿ ನೀರು ತುಂಬಿಕೊಳ್ಳಲು ಅಡ್ಡಿಯಿರಲಿಲ್ಲ, ತುಂಬಿಕೊಂಡೆ. ಒಂದೇ ದಿನದಲ್ಲಿ ಶೂರನಾಗುವ ಆಸೆ ನನಗಿರಲಿಲ್ಲ.

ಏಳನೆಯ ದಿನ ನನ್ನ ಬಳಿ ನಿನ್ನೆಯ ರುಚಿ ಇತ್ತು. ಅದನ್ನು ತುಂಬಿದ ಕೊಡದಂತೆ ಹಿಡಿದು ನಡೆದೆ. ಕರೆಗಳು ಕಡಿಮೆಯಾಗಲಿಲ್ಲ, ದನಿ ಸಣ್ಣದೂ ಆಗಲಿಲ್ಲ. ಪ್ರತಿ ಕರೆಗೂ ರುಚಿ ಸ್ವಲ್ಪ ತುಳುಕುತ್ತಿತ್ತು. ನಿಂತು ಮತ್ತೆ ನೆನಪಿಸಿಕೊಂಡು ಮುಂದೆ ಹೆಜ್ಜೆ ಇಡುತ್ತಿದ್ದೆ. ಬಾನಿಯಲ್ಲಿ ಉರಿ ನಿನ್ನೆಗಿಂತ ಒಂದು ಎಳೆ ಇಳಿದಿತ್ತು. ಇಳಿದದ್ದು ನನಗೆ ಗೊತ್ತಾಯಿತು ಎನ್ನುವುದೇ ನನಗೆ ಆಶ್ಚರ್ಯ.

ಎಂಟನೆಯ ದಿನ ಬೀದಿ ಜಾಣತನ ಮಾಡಿತು. ಅರ್ಧ ದಾರಿಯಲ್ಲಿ ಶಾವಂತ್ರಕ್ಕನ ದನಿಯಲ್ಲೇ, "ಫಕೀರಾ, ಸುಣ್ಣದ ವಿಷಯ ಒಂದು ಮಾತು ಮರತಿದ್ದೆ, ಕೇಳಿ ಹೋಗು" ಎಂದಿತು. ಅದು ಗಿಳಿಯಲ್ಲ, ರೇಡಿಯೋ ಅಲ್ಲ, ನನ್ನ ಕೆಲಸದ್ದೇ ಮಾತು. ಬಾಯಿ ತೆರೆದಿದ್ದೆ. ಉಸಿರು ಎಳೆದು ಮುಚ್ಚಿಕೊಂಡೆ, ನಡೆದೆ. ಸಂಜೆ ಅವಳಿಗೆ ಹೇಳಿದರೆ ನಕ್ಕಳು. "ಹೇಳೂದಿದ್ರ ಮನ್ಯಾಗ ಹೇಳ್ತಿರಲಿಲ್ಲೇನು? ನನಗ ನಮ್ಮವ್ವನ ದನ್ಯಾಗ ಕರೀತಿತ್ತು. ಬಾನಿ ಕೊಟ್ಟಾಕಿನೂ ಅಕಿನ." ಅದನ್ನು ಹೇಳುವಾಗ ಅವಳು ದಬ್ಬೆ ಕಟ್ಟಿದ ಕಾಲನ್ನು ನೋಡುತ್ತಿದ್ದಳು. ಸತ್ತ ತಾಯಿಯ ದನಿಯನ್ನು ದಾಟಿ, ತಾಯಿ ಕೊಟ್ಟ ಕೆಲಸಕ್ಕೆ ದಿನವೂ ನಡೆದವಳು ಇವಳು. ಇವಳನ್ನು ನಾವು ಕಿವುಡಿ ಅಂದುಕೊಂಡಿದ್ದೆವು.

ಒಂಬತ್ತನೆಯ ದಿನ ಕಂಬಳಿ ಸರಿಸಿದರೆ ಬಾನಿಯ ನಡುವೆ ಬಟಾಣಿಯಷ್ಟು ಒಂದೇ ಒಂದು ನೇರಳೆ ಗುಳ್ಳೆ. ಅದು ಒಡೆಯುವವರೆಗೂ ಉಸಿರು ಬಿಗಿಹಿಡಿದು ನೋಡಿದೆ. ಅದರ ಪಕ್ಕದಲ್ಲಿ ಇನ್ನೊಂದು ಎದ್ದಿತು. ಅದ್ದಿದ ನೂಲು ತೆಳು ಹಸಿರಾಗಿ ಬಂದು, ಅನುಮಾನಿಸುತ್ತ ಅನುಮಾನಿಸುತ್ತ, ಹತ್ತರ ಬದಲು ಐವತ್ತು ಎಣಿಸಿದ ಮೇಲೆ ನೀಲಿಯಾಯಿತು. ಇನ್ನೊಂದು ನೂಲು ಅದ್ದಲಿಲ್ಲ.

ಹದಿಮೂರನೆಯ ದಿನ ಶಾವಂತ್ರಕ್ಕ ಕೋಲು ಊರಿಕೊಂಡು ನನ್ನ ಜೊತೆ ಹೊರಟಳು. ಇಬ್ಬರೂ ಬರಿಬಾಯಲ್ಲಿ, ಒಂದೂ ಮಾತಾಡದೆ. ಬಾನಿಯ ಹತ್ತಿರ ಕೂತು ಕಂಬಳಿ ಸರಿಸಿದಳು. ಹೂವು ಅಂಗೈ ಅಗಲ ಅರಳಿತ್ತು. ಅವಳು ಹನಿ ತಾಗಿಸಿ ಕಣ್ಣು ಮುಚ್ಚಿದಳು. ಪರೀಕ್ಷೆ ಎನ್ನುವುದನ್ನು ನಾನು ಜೀವನದಲ್ಲಿ ಒಂದನ್ನೂ ಕೊನೆಯವರೆಗೆ ಬರೆದವನಲ್ಲ.

"ಜೀವ ಐತಿ" ಅಂದಳು. ಆಮೇಲೆ ಕಣ್ಣು ತೆರೆದು, "ಆದ್ರ ಸುಣ್ಣ ಬೇಕೋ ಬ್ಯಾಡೋ ನನಗ ತಿಳೀವಲ್ದು. ನನ್ನ ಹತ್ರ ಇರೂದು ಹದಿಮೂರು ದಿನದ ಹಿಂದಿನ ರುಚಿ. ನಿನ್ನಿದು ನಿನ್ನ ಹತ್ರ ಐತಿ. ನೋಡಿ ಹೇಳು."

ನಾನು ಬೆರಳು ಅದ್ದಿ ತಾಗಿಸಿದೆ. ನಿನ್ನೆಯದನ್ನು ತಂದು ಪಕ್ಕದಲ್ಲಿ ಇಟ್ಟೆ. "ನಿನ್ನಿಗಿಂತ ಒಂದು ಚೂರು ಸಪ್ಪಗೈತಕ್ಕ. ಒಂದು ಚಿಟಿಕಿ ಸಾಕು."

ಅವಳು ಮತ್ತೆ ರುಚಿ ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. ಸುಣ್ಣದ ಗಡಿಗೆಯನ್ನು ನನ್ನ ಕಡೆಗೆ ದೂಡಿ, "ಹಂಗಾರ ಹಾಕು" ಅಂದಳು.

ದಿನವಿಡೀ ಅರಿವೆ ಅದ್ದಿದೆವು. ಹೊತ್ತು ಇಳಿದ ಮೇಲೆ ಬಾನಿ ಮುಚ್ಚಿ ಹೊರಟೆವು. ಬೀದಿಗೆ ಕಾಲಿಡುತ್ತಲೇ ಒಂದು ಮನೆಯಿಂದ, "ಶಾವಂತ್ರೀ, ಚೌಕಾಬಾರಾ ಹಾಸೀನಿ ಬಾರೇ" ಎಂಬ ದನಿ ಬಂತು. ಅವಳು ಅಲ್ಲೇ ತಿರುಗಿ, "ಓ, ಬಂದೆ" ಅಂದಳು.

ನಾನು ಗಾಬರಿಯಾಗಿ ಅವಳ ಮೊಳಕೈ ಹಿಡಿದುಕೊಂಡೆ. "ಅಕ್ಕಾ! ಓ ಅಂದ್ಯಲ್ಲ!"

"ಏನಾತೀಗ? ಕೆಲಸ ಮುಗೀತು. ಕರದವರ ಮನಿಗೆ ಹೋಗಬಾರದೇನು?"

"ದಿನಾ ಹೋಗ್ತೀಯೇನು?"

"ದಿನಾ. ಮುಂಜಾನೆ ಕರದವರ ಮನಿಗೆ ಸಂಜಿಗೆ ಹೋಗ್ತೀನಿ. ಒಂದು ಆಟ ಆಡಿ ದೀಪ ಹಚ್ಚೂದ್ರಾಗ ಎದ್ದು ಬರ್ತೀನಿ." ಕೋಲಿನಿಂದ ನನ್ನ ಕಾಲಿಗೆ ಮೆಲ್ಲಗೆ ಬಡಿದಳು. "ಕೈ ಬಿಡೋ, ಆಟ ಶುರು ಆಗತೈತಿ."

ಮೂವತ್ತೊಂದು ವರ್ಷ ಊರಿನ ಕಣ್ಣೆದುರಿಗೇ ಅವಳು ಆ ಹೊಸ್ತಿಲು ಹತ್ತಿದ್ದಳು. ನಾವೆಲ್ಲ ಕೆನ್ನೆ ಉಬ್ಬಿಸಿಕೊಂಡು ನಮ್ಮ ನಮ್ಮ ಹೆಬ್ಬೆರಳು ನೋಡುತ್ತ ನಡೆಯುವವರು, ಒಬ್ಬರೂ ನೋಡಿರಲಿಲ್ಲ. ಒಳಗಿನಿಂದ ಕವಡೆ ಉರುಳಿದ ಸದ್ದು, ಅವಳ ನಗು ಕೇಳಿಸಿತು.

ನಾನು ಮುಂದೆ ನಡೆದೆ. ರೇಡಿಯೋ ಅಂಗಡಿಯ ಹತ್ತಿರ ಬರುತ್ತಿದ್ದಂತೆ, "ಫಕೀರಾ" ಎಂದಿತು.

"ಓ" ಎಂದು ಒಳಗೆ ಹೋದೆ.

"ನಾ ಎಲ್ಲಿ ಕರದೆ?" ಅಂದ ದಸ್ತಗೀರ ಕಾಕಾ.

"ಇರಲಿ ಕಾಕಾ. ಅವತ್ತು ಬಿಟ್ಟುಹೋದ ಚಹಾ ಐತೇನು?"

"ಅದು ಅವತ್ತ ಆರಿತು. ಕೂಡು, ಹೊಸಾದು ಮಾಡ್ತೀನಿ." ಅವನು ಸ್ಟವ್ ಹಚ್ಚಿ ಶುಂಠಿಗೆ ಕೈ ಹಾಕಿದ.

"ಅರ್ಧ ಕಪ್ ಸಾಕು" ಅಂದೆ. "ಮುಂಜಾನೆ ಲಗೂನ ಏಳಬೇಕು."